ಬೈಸಿಕೊಳ್ಳಲು ಬರುತ್ತಿದ್ದ ವಿಮಲಾ ಮೇಡಂ

ವಿಮಲಾ ಮೇಡಂ ಅವರನ್ನು ನಾನು ಮೊದಲು ಕಂಡದ್ದು, ಅವರು ನನ್ನನ್ನು ಅಣಕಿಸುತ್ತಿದ್ದಾರೆಂದು ಸಿಟ್ಟಿನಿಂದ ಹಿಂತಿರುಗಿ ನೋಡಿದಾಗ.

ತೊಂಬತ್ತರ ದಶಕದ ಕೊನೆ, ಹರಪನಹಳ್ಳಿಯ ಬಸ್ ನಿಲ್ದಾಣದ ಎದುರಿನ ರಸ್ತೆ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ನನ್ನ ಎಡಗಾಲು ಸೊರಗಿಹೋಗಿತ್ತು. ಹೆಜ್ಜೆ ಇಡುವಾಗ ಮೊಣಕಾಲು ಕುಸಿಯದಂತೆ ಎಡಗೈಯಿಂದ ತೊಡೆಯನ್ನು ಒತ್ತಿ ಹಿಡಿದು, ಬಗ್ಗಿ ಬಗ್ಗಿ ನಡೆಯುತ್ತಿದ್ದೆ. ಹಿಂದೆ ನಗು ಕೇಳಿಸಿತು. ತಿರುಗಿದರೆ, ನಲವತ್ತರ ಆಸುಪಾಸಿನ ಹೆಂಗಸೊಬ್ಬರು, ನೂಲಿನ ಸೀರೆ, ಹೆಗಲಿಗೊಂದು ಚೀಲ, ತಾವೂ ತೊಡೆಗೆ ಕೈ ಊರಿ, ಸೊಂಟ ಬಗ್ಗಿಸಿ, ಥೇಟ್ ನನ್ನಂತೆಯೇ ನಡೆದು ಬರುತ್ತಿದ್ದಾರೆ! ನಗುತ್ತಿದ್ದವರು ಚಹಾದಂಗಡಿಯವರು. ಆಕೆಯ ಮುಖದಲ್ಲಿ ನಗುವಿರಲಿಲ್ಲ.

"ಯಾಕ್ರೀ, ನಾಚ್ಕಿ ಬರಂಗಿಲ್ಲೇನು ನಿಮಗ?" ಎಂದೆ.

"ಸಿಟ್ಟಾಗಬ್ಯಾಡಮ್ಮ. ಹಿಂಗೆ ನಡೆದರೆ ಸೊಂಟ ನೋಯ್ತದೆ ಅಂತ ಓದಿದ್ದೆ. ಇಷ್ಟು ನೋಯ್ತದೆ ಅಂತ ಗೊತ್ತಿರಲಿಲ್ಲ. ನಿನಗೆ ನಿದ್ದೆ ಹೆಂಗೆ ಬರ್ತದೆ?"

ಅಲ್ಲಿಯವರೆಗೆ ಎಲ್ಲರೂ ನನ್ನ ಕಾಲಿನ ವಿಚಾರ ಕೇಳಿದವರೇ. ಸೊಂಟದ ವಿಚಾರ ಯಾರೂ ಕೇಳಿರಲಿಲ್ಲ. ಬೈಯಲು ಬಾಯಿ ತೆರೆದವಳು ಅಳಲು ಶುರು ಮಾಡಿದೆ.

ಅವರು ದಾವಣಗೆರೆ ಕಡೆಯ ಫಿಸಿಯೋಥೆರಪಿಸ್ಟ್. ನಮ್ಮ ಭಾಗದಲ್ಲಿ ಪೋಲಿಯೋ ಆದವರಿಗೆ ಎಂಥ ಕ್ಯಾಲಿಪರ್ ಒಗ್ಗುತ್ತದೆ ಎಂಬ ಸಂಶೋಧನೆಗೆ ಬಂದಿದ್ದರು. ಕ್ಯಾಲಿಪರ್ ಎಂದರೆ ಮೊಣಕಾಲು ಮಡಿಚಿಕೊಳ್ಳದಂತೆ ಕಾಲಿಗೆ ಕಟ್ಟುವ ಆಸರೆ. ಕಬ್ಬಿಣದ ಸಲಾಕೆ, ಚರ್ಮದ ಪಟ್ಟಿ, ಭಾರವಾದ ಬೂಟು ಇರುವುದು ಹಳೆಯದು. ಹಗುರವಾದ ಪ್ಲಾಸ್ಟಿಕ್ಕಿನದು ಹೊಸದು. ಕೆಲವರಿಗೆ ಹಳೆಯದು, ಕೆಲವರಿಗೆ ಹೊಸದು ಕೊಟ್ಟು ಎರಡು ವರ್ಷ ನೋಡುವುದು ಅವರ ಕೆಲಸ. ಕೊಟ್ಟೂರಿನಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದರು. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯವರೆಲ್ಲ ಅಲ್ಲಿಗೆ ಬರುತ್ತಿದ್ದರು. ನಾನು ಹಲವಾಗಲಿನಿಂದ ನನ್ನವ್ವನ ಜೊತೆ ಹೋಗುತ್ತಿದ್ದೆ.

ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿ ಗೊತ್ತು ಮಾಡಿದರು. ನನಗೆ ಬಂದದ್ದು ಕಬ್ಬಿಣ. ಅವ್ವ ರೇಗಿಬಿಟ್ಟಳು.

"ನಮ್ಮ ಗೌರಿಗೆ ಯಾಕ್ರೀ ಕಬ್ಬಿಣ? ನಾವೇನು ಕೇಳೋರು ದಿಕ್ಕಿಲ್ಲದೋರಾ? ಚಲೋದು ನಿಮಗ ಬೇಕಾದೋರಿಗೆ ಕೊಡ್ತೀರೇನು?"

ಮೇಡಂ ನೆಲದ ಮೇಲೆ, ಅವ್ವನ ಎದುರಿಗೇ ಕೂತರು. "ಚಲೋದು ಯಾವುದು ಅಂತ ನನಗೇ ಗೊತ್ತಿಲ್ಲ ಕಣವ್ವ. ಹೊಸದೇ ಚಲೋ ಅಂತ ನನ್ನ ಮನಸ್ಸು ಹೇಳ್ತದೆ. ಆದ್ರೆ ನನ್ನ ಮನಸ್ಸಿನ ಮಾತು ಕೇಳಿ ನಿನ್ನ ಮಗಳ ಕಾಲಿಗೆ ಕಟ್ಟಲಾ? ಕೆಲಸ ಮುಗೀಲಿ. ಯಾವುದು ಚಲೋ ಅಂತ ಗೊತ್ತಾಗ್ತದೋ ಅದನ್ನ ಇವಳಿಗೆ ಕೊಟ್ಟೇ ಕೊಡ್ತೀನಿ."

ಅವ್ವ ನಂಬಲಿಲ್ಲ. ಬಸ್ಸಿನಲ್ಲಿ ಊರಿನವರೆಗೂ ಗೊಣಗಿದಳು. ಆದರೆ ಆ ಕಬ್ಬಿಣವನ್ನು ಕಟ್ಟಿಕೊಂಡು ನಾನು ನೆಟ್ಟಗೆ ನಿಂತ ಮೊದಲ ಸಂಜೆ, ಎಡಗೈ ಬಿಡುವಾಗಿದ್ದು ಕಂಡು ಏನು ಮಾಡಬೇಕೆಂದು ತಿಳಿಯದೆ, ಅಡುಗೆಮನೆಯಿಂದ ತುಂಬಿದ ಗಂಗಾಳವನ್ನು ಎರಡೂ ಕೈಯಲ್ಲಿ ಹಿಡಿದು ಅಪ್ಪನ ಮುಂದೆ ತಂದಿಟ್ಟೆ. ಅಪ್ಪ ಊಟಕ್ಕೆ ಕೈ ಹಾಕಲಿಲ್ಲ. ನನ್ನ ಕೈಗಳನ್ನೇ ನೋಡುತ್ತ ಕೂತ.

ಮೇಡಂ ತಿಂಗಳಿಗೊಮ್ಮೆ ಎಲ್ಲರನ್ನೂ ಕೂಡಿಸುತ್ತಿದ್ದರು. ನಮಗೋ ಹೆದರಿಕೆ. ಏನಾದರೂ ಕೊಂಕು ತೆಗೆದರೆ ಕ್ಯಾಲಿಪರ್ ವಾಪಸ್ ಕಿತ್ತುಕೊಂಡಾರು ಎಂದು ಎಲ್ಲರದ್ದೂ ಒಂದೇ ಪಾಠ, "ಚಲೋ ಐತ್ರಿ ಮೇಡಂ." ಅದನ್ನು ಕೇಳಿ ಕೇಳಿ ಅವರಿಗೆ ಸಾಕಾಯಿತು. ಒಂದು ದಿನ ಎರಡೂ ಬಗೆಯ ಕ್ಯಾಲಿಪರುಗಳನ್ನು ಕೋಣೆಯ ನಡುವೆ ಇಟ್ಟು, "ಹೂಂ, ಬೈಯ್ರಿ. ಇವತ್ತು ಹೊಗಳಿದೋರಿಗೆ ಚಹಾ ಇಲ್ಲ. ಬೈದೋರಿಗೆ ಚಹಾ, ಮಂಡಕ್ಕಿ, ಮಿರ್ಚಿ," ಎಂದರು.

ಮೊದಲು ಬಾಯಿ ಬಿಟ್ಟವಳು ಗುಡೇಕೋಟೆಯ ಕುರಿ ಕಾಯುವ ಮನೆಯ ಓಬಮ್ಮ. ಅವಳದು ಪ್ಲಾಸ್ಟಿಕ್. "ಹಗುರೇನೋ ಐತ್ರಿ. ಆದ್ರ ಬ್ಯಾಸಗಿ ಬಿಸಿಲಾಗ ಕುರಿ ಹಿಂದ ಹೋದ್ರ ಒಳಗ ಕಾಲು ಬೆಂದು ಮುದ್ದಿ ಆಗ್ತೈತಿ. ನಾನು ಅದನ್ನ ಬಿಚ್ಚಿ ಜಾಲಿಗಿಡಕ್ಕ ನೇತು ಹಾಕಿ, ಮೊದಲಿನಂಗ ಕೈ ಊರಿ ಹೋಗ್ತೀನ್ರಿ."

ಕೋಣೆಯೆಲ್ಲ ಗೊಳ್ಳೆಂದಿತು. ಆಮೇಲೆ ಬೈಗುಳದ ಮಳೆ. ಬೆವರು, ಹುಣ್ಣು, ಬಿರುಕು, ನೆಲಕ್ಕೆ ಕೂತರೆ ಏಳಲು ಬಾರದ ಸಂಕಟ. ನಾನೂ ಧೈರ್ಯ ಮಾಡಿ, ಚರ್ಮದ ಪಟ್ಟಿ ತೊಡೆಯನ್ನು ಕೊರೆದ ಗಾಯ ತೋರಿಸಿದೆ. ಮೇಡಂ ಒಂದೊಂದನ್ನೂ ಬರೆದುಕೊಂಡರು. ಅವರ ಮುಖ ಮಾತ್ರ ಸಣ್ಣಗಾಗುತ್ತ ಹೋಯಿತು. ಹೊಸದರ ಮೇಲೆ ಅವರು ಎಷ್ಟು ಆಸೆ ಇಟ್ಟಿದ್ದರೆಂಬುದು ನನಗೆ ಆಗ ತಿಳಿಯಿತು. ಆದರೂ ಹೊರಡುವಾಗ ಓಬಮ್ಮನ ಭುಜ ತಟ್ಟಿ, "ನೀನು ಇದನ್ನ ಹೇಳದೇ ಹೋಗಿದ್ರೆ ನಾನು ಹಾಳಾಗಿ ಹೋಗ್ತಿದ್ದೆ," ಎಂದರು.

ಕೊನೆಯ ವರ್ಷ ಅವರ ಮೇಲಿನವರೊಬ್ಬರು ಕೊಟ್ಟೂರಿಗೆ ಬಂದಿದ್ದರು. ನಾನು ಅಳತೆ ಕೊಡಲು ಕೂತಿದ್ದೆ. ಕ್ಯಾಲಿಪರ್ ಕಟ್ಟುವುದನ್ನು ನಿಲ್ಲಿಸಿದವರನ್ನು ಕೈಬಿಟ್ಟು, ಉಳಿದವರನ್ನಷ್ಟೇ ಹಿಡಿದು ವರದಿ ಬರೆಯಲು ಅವರು ಹೇಳಿದರು. ಬಿಟ್ಟವರಲ್ಲಿ ಪ್ಲಾಸ್ಟಿಕ್ಕಿನವರೇ ಹೆಚ್ಚು, ಹಾಗೆ ಬರೆದರೆ ಹೊಸದೇ ಗೆಲ್ಲುತ್ತದೆ, ಯೋಜನೆ ಇನ್ನೂ ಎರಡು ವರ್ಷ ಮುಂದುವರಿಯುತ್ತದೆ ಎಂದರು.

ಮೇಡಂ ಧ್ವನಿ ಏರಿಸಲಿಲ್ಲ. "ಬಿಟ್ಟೋರು ಯಾಕೆ ಬಿಟ್ಟರು ಅಂತ ಹೇಳೋಕೇ ಅಲ್ವಾ ಸರ್ ನಾವು ಬಂದಿದ್ದು? ಅವರನ್ನೇ ತೆಗೆದುಹಾಕಿದ್ರೆ, ಮುಂದೆ ಇನ್ನೊಬ್ಬರು ಇಂಥದೇ ತಂದು ಇಂಥೋರ ಕಾಲಿಗೇ ಕಟ್ತಾರೆ."

ವರದಿಯನ್ನು ಇದ್ದದ್ದು ಇದ್ದ ಹಾಗೆ ಬರೆದರು. ಯೋಜನೆ ಅಲ್ಲಿಗೆ ನಿಂತಿತು. ಕೋಣೆ ಖಾಲಿಯಾದ ಸುದ್ದಿ ಬಂದಾಗ ಅವ್ವ, "ಮುಗೀತು ನೋಡು, ಇನ್ಯಾಕ ಬರ್ತಾಳ ಆಕಿ," ಎಂದಳು.

ಆಕೆ ಬಂದರು. ಈಗ ಯೋಜನೆಯ ಜೀಪಿರಲಿಲ್ಲ. ಕ್ಯಾಲಿಪರ್ ಮಾಡುವ ಮೇಸ್ತ್ರಿಯೊಬ್ಬರನ್ನು ಕರೆದುಕೊಂಡು, ದೊಡ್ಡ ಚೀಲ ಹೊತ್ತು, ಕೆಂಪು ಬಸ್ಸಿನಲ್ಲಿ ಹಲವಾಗಲಿಗೇ ಬಂದಿಳಿದರು. ನಾವು ಬೈದ ಬೈಗುಳಗಳನ್ನೆಲ್ಲ ಮುಂದಿಟ್ಟುಕೊಂಡು ಮಾಡಿಸಿದ ಕ್ಯಾಲಿಪರ್ ಅದು. ಹಗುರವಾದ ಪ್ಲಾಸ್ಟಿಕ್, ಗಾಳಿಯಾಡಲು ತೂತು, ತೊಡೆಗೆ ಮೆತ್ತನೆಯ ಬಟ್ಟೆ, ಕೂರುವಾಗ ಬೆರಳಿನಿಂದ ಎತ್ತಿ ಬಿಚ್ಚುವ ಮೊಣಕಾಲಿನ ಕೊಂಡಿ. ಓಬಮ್ಮನಿಗೆ ಮೊದಲು ಕೊಟ್ಟು ಬಂದಿದ್ದರು. ಅದನ್ನು ಕಟ್ಟಿಕೊಂಡೇ ನಾನು ಹರಪನಹಳ್ಳಿಯ ಕಾಲೇಜಿಗೆ ಹೋದೆ. ಈಗ ಹಗರಿಬೊಮ್ಮನಹಳ್ಳಿಯಲ್ಲಿ ಅಂಗವಿಕಲರ ನಡುವೆಯೇ ನನ್ನ ನೌಕರಿ.

ಆಮೇಲೆ ಅವರು ಮೈಸೂರಿನ ಕಡೆ ಕೆಲಸ ಸಿಕ್ಕಿ ಹೋದರು. ಕೆಲವು ವರ್ಷಗಳ ಬಳಿಕ ಕ್ಯಾನ್ಸರಿನಿಂದ ತೀರಿಕೊಂಡರೆಂದು ಆ ಮೇಸ್ತ್ರಿಯೇ ಫೋನು ಮಾಡಿ ತಿಳಿಸಿದರು. ಕಾಯಿಲೆಯ ವಿಷಯವನ್ನು ನಮಗಾರಿಗೂ ಹೇಳಿರಲಿಲ್ಲ. ಕಡೆಯ ಸಲ ಒಮ್ಮೆ ಹೋಗಿ ನೋಡಲಿಲ್ಲವಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ.

ನನ್ನ ಪಾಲಿಗೆ ಉಳಿದಿರುವುದು ಮೈಸೂರಿಗೆ ಹೊರಡುವ ಮುಂಚೆ ಅವರು ನಮ್ಮ ಮನೆಗೆ ಬಂದ ಮಧ್ಯಾಹ್ನ. ಉಂಡು, ಹೊಳೆ ನೋಡಿಕೊಂಡು ಬಂದು, ಬಸ್ಸಿನ ಹೊತ್ತಾಯಿತೆಂದು ಎದ್ದರು. ಅವ್ವ ಒಳಗಿನಿಂದ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಹೊಸ ರವಿಕೆ ಖಣ ತಂದಳು. ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು. ಅವರ ಗಂಡ ತೀರಿ ಬಹಳ ವರ್ಷಗಳಾಗಿದ್ದವು.

"ಬ್ಯಾಡವ್ವ, ನನಗೆ ಉಡಿ ತುಂಬಬಾರದು. ನಿನಗೆ ಗೊತ್ತಿಲ್ಲ..."

"ಎಲ್ಲಾ ಗೊತ್ತೈತಿ. ತವರುಮನಿಯಿಂದ ಹೋಗೋ ಮಗಳನ್ನ ಬರೇ ಉಡೀಲೆ ಹೆಂಗ ಕಳಸಲಿ? ಸೆರಗು ಒಡ್ಡು."

ಮೇಡಂ ಹಿಂದೆ ಸರಿದಿದ್ದ ಎರಡು ಹೆಜ್ಜೆಯನ್ನು ಮತ್ತೆ ಮುಂದಿಟ್ಟರು. ತಲೆ ತಗ್ಗಿಸಿ, ಸೆರಗು ಒಡ್ಡಿದರು.