ಅತ್ತಿಗೆಯ ಅಂಗೈಗೆ ಬಂದ ಘಟ್ಟದ ಜೀರುಂಡೆ

ದೆವ್ವ, ಶಕುನ, ಹೋದವರು ಹುಳವಾಗಿ ಮನೆಗೆ ಬರುವುದು, ಇವೆಲ್ಲ ಕೆಲಸವಿಲ್ಲದವರ ಕಟ್ಟುಕತೆ ಎಂದು ನಗುತ್ತಿದ್ದವನು ನಾನು. ಈಗ ನಗು ಬರುವುದಿಲ್ಲ. ಹಾಗಂತ ನಂಬುತ್ತೇನೆಂದೂ ಹೇಳಲಾರೆ. ನಡೆದದ್ದನ್ನು ಹೇಳುತ್ತೇನೆ, ನೀವೇ ಏನು ಬೇಕಾದರೂ ತಿಳಿದುಕೊಳ್ಳಿ.

ದೊಡ್ಡಬಳ್ಳಾಪುರದಲ್ಲಿ ನಮ್ಮದು ಎರಡು ಮಗ್ಗದ ಮನೆ. ಎಂಬತ್ತರ ದಶಕದ ಕೊನೆಯಲ್ಲಿ ಅಣ್ಣ ಸೀರೆ ಗಂಟು ಹೊತ್ತು ತೀರ್ಥಹಳ್ಳಿ ಕಡೆಗೆ ವ್ಯಾಪಾರಕ್ಕೆ ಹೋಗುತ್ತಿದ್ದ. ಒಮ್ಮೆ ಅಲ್ಲಿಂದ ಬೆಂಕಿಪೊಟ್ಟಣದಲ್ಲಿ ಒಂದು ಸತ್ತ ಜೀರುಂಡೆ ತಂದ. ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡದು, ಚಪ್ಪಟೆ ಬೆನ್ನು, ಮೀಸೆಯ ತುದಿಯಲ್ಲಿ ಪುಟ್ಟ ಬೀಸಣಿಗೆ. ನೇರ ಹಿಡಿದರೆ ಹಸಿರು, ಓರೆ ಮಾಡಿದರೆ ತಾಮ್ರ.

"ಹಾಸಿನ ನೂಲು ಹಸಿರು, ಹೊಕ್ಕಿನ ನೂಲು ತಾಮ್ರ. ನಿಂಗೆ ಇದೇ ಬಣ್ಣದ ಸೀರೆ ನೇಯ್ತೀನಿ ಕಣೇ," ಎಂದು ಅತ್ತಿಗೆಗೆ ಹೇಳಿದ. ನಾನು ಅದನ್ನು ಕಾಲೇಜಿನ ಮೇಷ್ಟ್ರಿಗೆ ತೋರಿಸಿದೆ. ಇದು ಘಟ್ಟದ ಮಳೆಕಾಡಿನದು, ನಮ್ಮ ಬಯಲುಸೀಮೆಯಲ್ಲಿ ಹುಡುಕಬೇಡ ಎಂದರು.

ಮುಂದಿನ ಸಲ ಹೋದ ಅಣ್ಣ ವಾಪಸು ಬರಲಿಲ್ಲ. ಊರೂರು ಅಲೆದೆವು, ಪೊಲೀಸರಿಗೂ ಹೇಳಿದೆವು. ಸುಳಿವೇ ಸಿಗಲಿಲ್ಲ. ವರ್ಷಗಳು ಕಳೆದು ನನ್ನ ಮದುವೆ ಮಾತು ಬಂದಾಗ ಹೆಣ್ಣಿನ ಕಡೆಯವರು ಮೆಲ್ಲಗೆ ಕೇಳಿದರು, ನಿಮ್ಮ ಅತ್ತಿಗೆ ಆರತಿ ಎತ್ತಬಹುದೇ ಎಂದು. ಚಿಕ್ಕಪ್ಪ ಒಂದು ಸಂಜೆ ಎಲ್ಲರನ್ನೂ ಕೂರಿಸಿ, ದರ್ಭೆಯ ಬೊಂಬೆ ಮಾಡಿ ಸುಟ್ಟು ಅಣ್ಣನ ಕರ್ಮ ಮುಗಿಸಿಬಿಡೋಣ ಎಂದರು. ಅಂದರೆ ಅತ್ತಿಗೆಯ ಕುಂಕುಮ ಅಳಿಸುವುದು.

"ಇನ್ನೂ ಎಷ್ಟು ವರ್ಷ ಅಂತ ಕಾಯ್ತೀಯಮ್ಮಾ? ಒಂದು ಮಾತು ಹೇಳ್ಬಿಡು."

ಅತ್ತಿಗೆ ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಹೋಯಿತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಆ ಮೌನದಲ್ಲಿ ಏನೋ ಗುಂಯ್ ಎನ್ನುತ್ತಾ ಒಳಗೆ ಬಂತು. ಅಮ್ಮ ದೀಪ ಹಚ್ಚಿದಾಗ ಅಣ್ಣ ತಂದಿದ್ದಂಥದೇ ಒಂದು ಜೀರುಂಡೆ, ಜೀವಂತ, ಅತ್ತಿಗೆಯ ಅಂಗೈಯಲ್ಲಿ ಮೀಸೆಯ ಬೀಸಣಿಗೆ ಬಿಚ್ಚಿಕೊಂಡು ನಡೆಯುತ್ತಿತ್ತು. ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು ಪರೀಕ್ಷಿಸುವ ಹಾಗೆ ಅವರು ಅಂಗೈ ವಾಲಿಸಿದರು. ಹಸಿರು, ತಾಮ್ರ.

"ನನ್ನ ಮಗ ಬದುಕವ್ನೆ, ಸುದ್ದಿ ಕಳ್ಸವ್ನೆ," ಎಂದಳು ಅಮ್ಮ.

"ಇಲ್ಲ, ಅವನೇ ಬಂದವ್ನೆ. ಬಿಡುಗಡೆ ಕೇಳ್ತಾವ್ನೆ," ಎಂದರು ಚಿಕ್ಕಪ್ಪ.

ಜೀರುಂಡೆ ಕಿಟಕಿಯಿಂದ ಹಾರಿಹೋಯಿತು. ಅತ್ತಿಗೆ ಖಾಲಿ ಅಂಗೈ ನೋಡುತ್ತಲೇ, "ಯಾವ್ದು ನಿಜ ಅಂತ ಗೊತ್ತಾಗೋವರ್ಗೂ ನನ್ನ ಕುಂಕುಮ ಮುಟ್ಬೇಡಿ," ಎಂದರು.

ಕರ್ಮ ಮಾಡಲಿಲ್ಲ. ಆ ಸಂಬಂಧ ತಪ್ಪಿಹೋಗಿ ಬೇರೆ ಕಡೆ ನನ್ನ ಮದುವೆಯಾಯಿತು. ಆ ಹುಳ ಯಾವುದೋ ಬಾಳೆಗೊನೆಯ ಲಾರಿಯಲ್ಲಿ ಬಂದಿರಬೇಕು ಎಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಬಂದಿರಲಿ. ನಮ್ಮ ಮನೆಗೇ, ಆ ಮಾತಿನ ಹೊತ್ತಿಗೇ ಏಕೆ ಬರಬೇಕಿತ್ತು?

ಹೋದ ವರ್ಷ ಅತ್ತಿಗೆ ತೀರಿಕೊಂಡರು. ಮುತ್ತೈದೆಯ ಹಾಗೆ ಕಳಿಸಬೇಕೋ ಬೇಡವೋ ಎಂದು ಹೆಂಗಸರು ನನ್ನನ್ನು ಕೇಳಿದರು. ಅರಿಶಿನ ಕುಂಕುಮ ಇಟ್ಟು, ಬಳೆ ತೊಡಿಸಿಯೇ ಕಳಿಸಿ ಎಂದೆ. ಅತ್ತಿಗೆ ಅಣ್ಣನ ಬಳಿಗೆ ಹೋದರೋ, ಅವನನ್ನು ಇಲ್ಲೇ ಎಲ್ಲೋ ಬಿಟ್ಟು ಹೋದರೋ, ನನಗೆ ಇವತ್ತಿಗೂ ಗೊತ್ತಿಲ್ಲ.