ಹಿತ್ತಾಳೆ ಪುಡಿ

ಅಮೆರಿಕದ ಮೊಂಟಾನಾದ ಬೇಟೆಗಾರ ಡೆಲ್ಬರ್ಟ್ ಹಾಗನ್‌ನ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ಅಲ್ಲಿ ಅವನ ತೋಟಾ ರಿಪೇರಿಯ ಮೋಟಾರು ಯಂತ್ರ ಬೀಡುಬಿಟ್ಟಿದೆ. ಗುಂಡು ಹಾರಿಸಿದಾಗ ತೋಟಾದ ಹಿತ್ತಾಳೆ ಚಿಪ್ಪು ಕೂದಲೆಳೆಯಷ್ಟು ಉದ್ದಕ್ಕೆ ಬೆಳೆಯುತ್ತದೆ. ಅದನ್ನು ಯಂತ್ರಕ್ಕೆ ಕೊಟ್ಟು, ಬೆಳೆದಷ್ಟನ್ನು ಕತ್ತರಿಸಿ, ಬಾಯಿ ನಯಮಾಡಿದರೇ ಮತ್ತೆ ಮದ್ದು ತುಂಬಲು ಬರುವುದು. ಹೆಂಡತಿಯ ಹುಟ್ಟುಹಬ್ಬ ಮರೆಯುವ ಮಹಾನುಭಾವನಿಗೆ ಯಾವ ಚಿಪ್ಪಿನಿಂದ ಎಷ್ಟು ಸಲ ಗುಂಡು ಹಾರಿದೆ ಎಂಬುದು ಬಾಯಿಪಾಠ. ಹೊಸ ತೋಟಾ ಅಂಗಡಿಯಲ್ಲೇ ಸಿಗುತ್ತದಲ್ಲ ಎಂದರೆ, “ಅಂಗಡಿದು ತಿಂದ್ರೆ ಜಿಂಕೆಗೂ ಅಜೀರ್ಣ ಆಗುತ್ತೆ ಕಣಯ್ಯಾ” ಅನ್ನುತ್ತಾನೆ. ಊಟಕ್ಕೆ ಕರೆದರೆ, “ಇನ್ನೊಂದೇ ಚಿಪ್ಪು ಕಣೇ!” ಆ ಒಂದು ನಲವತ್ತಾಗುವಷ್ಟರಲ್ಲಿ ಸಾರು ಆರಿರುತ್ತದೆ. “ನಿಮ್ಮ ಹಿತ್ತಾಳೆ ಪುಡಿ ಚಪ್ಪಲಿಗೆ ಅಂಟ್ಕೊಂಡು ಅಡುಗೆಮನೆವರೆಗೂ ಬರುತ್ತಲ್ರೀ!” ಎಂದು ಹೆಂಡತಿ ಆರ್ಲಿಸ್ ನಲವತ್ತು ವರ್ಷದಿಂದ ಗದರುತ್ತಿದ್ದಾಳೆ. ಕೈ ನಡುಗಲು ಶುರುವಾದ ಮೇಲೆ, ಮೂರು ವರ್ಷದಿಂದ ಡೆಲ್ಬರ್ಟ್ ಒಂದು ಗುಂಡೂ ಹಾರಿಸಿಲ್ಲ. ಗುಂಡು ಹಾರದ ಚಿಪ್ಪು ಬೆಳೆಯುವುದಿಲ್ಲ. ಅದೇ ಹಳೇ ನೂರು ಚಿಪ್ಪುಗಳನ್ನು ದಿನವೂ ಯಂತ್ರಕ್ಕೆ ಕೊಡುತ್ತಾನೆ. ಅದು ಗುರ್ರೆನ್ನುತ್ತದೆ, ಅಲಗಿಗೆ ಏನೂ ತಾಗುವುದಿಲ್ಲ. ಇವತ್ತೂ ಆರ್ಲಿಸ್ ಯಂತ್ರದ ಕೆಳಗೆ ಗುಡಿಸಿದಳು. ಮೊರದಲ್ಲಿ ಒಂದು ಚೂರೂ ಹಿತ್ತಾಳೆ ಇರಲಿಲ್ಲ. ಒಳಗೆ ಬಂದು, ಅವನಿಗೆ ಕೇಳಿಸುವಂತೆ ಚಪ್ಪಲಿ ಪಟಪಟ ಕೊಡವಿದಳು: “ಅಯ್ಯೋ, ಮತ್ತೆ ಮನೆ ತುಂಬ ಹಿತ್ತಾಳೆ ಪುಡಿ!” ಗ್ಯಾರೇಜಿನಿಂದ ಹಿಗ್ಗಿದ ದನಿ ಬಂತು: “ಇನ್ನೊಂದೇ ಚಿಪ್ಪು ಕಣೇ!”