ಅಕ್ಕನ ಕೈಗುಣ

ರೋಣದ ಕಾಲೇಜಿನಲ್ಲಿ ನಾನು ಕಲಿಸುವ ತತ್ವಶಾಸ್ತ್ರಕ್ಕೆ ಬರುವವರು ಕಡಿಮೆ. ಬೇರೆ ವಿಷಯ ಸಿಗದವರು, ಹಳ್ಳಿಯ ಬಸ್ಸಿಗೆ ವೇಳೆ ಹೊಂದುತ್ತದೆಂದು ಲೆಕ್ಕ ಹಾಕಿದವರು ಬಂದು ಹಿಂದಿನ ಬೆಂಚಿನಲ್ಲಿ ಕೂಡುತ್ತಾರೆ. ಮೊದಲು ನರಗುಂದದಲ್ಲಿದ್ದಾಗಲೂ ಇದೇ ಕಥೆ. ವಿಭಾಗಕ್ಕೆ ನಾನೊಬ್ಬನೇ, ಹಾಳೂರಿಗೆ ಉಳಿದವನೇ ಗೌಡ. ಆದರೂ ಒಂದು ಪಾಠವನ್ನು ಪ್ರತಿ ವರ್ಷ ಮನಸ್ಸಿಟ್ಟು ಮಾಡುತ್ತಿದ್ದೆ. ಸುಖವೆಂದರೇನು, ಒಳ್ಳೆಯ ಬಾಳು ಎಂದರೇನು ಎಂಬ ಪಾಠ ಅದು. ಹೊಲ ಹೋಗಬಹುದು, ಆರೋಗ್ಯ ಹೋಗಬಹುದು, ಆಪ್ತರೂ ಹೋಗಬಹುದು, ಆದರೆ ಒಳ್ಳೆಯ ಮನುಷ್ಯನ ಒಳ್ಳೆಯತನವನ್ನು ಯಾವ ವಿಧಿಯೂ ಮುಟ್ಟಲಾರದು, ಅದಿರುವ ತನಕ ಅವನ ಬಾಳು ಹಾಳಾಯಿತು ಎನ್ನುವಂತಿಲ್ಲ ಎಂದು ಹಳೆಯ ಕಾಲದ ಕೆಲವು ಪಂಡಿತರು ವಾದಿಸಿದ್ದಾರೆ. ನಾನು ಅದನ್ನು ನಂಬಿದ್ದೆ. ಹುಡುಗರು ಉದಾಹರಣೆ ಕೇಳಿದರೆ ಪಂಡಿತರನ್ನು ಬಿಟ್ಟು ನನ್ನ ಅಕ್ಕನ ಸುದ್ದಿ ಹೇಳುತ್ತಿದ್ದೆ.

ಅಕ್ಕ ಇರುವುದು ಜಕ್ಕಲಿಯಲ್ಲಿ. ಅವಳ ಕೈಗುಣ ಚಲೋ ಎಂದು ಊರೆಲ್ಲ ಹೆಸರು. ನಮ್ಮ ಕಡೆ ಯಾವ ಕೆಲಸವನ್ನೂ ಸುಮ್ಮನೆ ಶುರು ಮಾಡುವುದಿಲ್ಲ; ಕೈಗುಣ ಇದ್ದವರನ್ನು ಕರೆದು ಅವರ ಕೈ ಹಚ್ಚಿಸುತ್ತಾರೆ. ಬಿತ್ತುವ ದಿನ ಮೊದಲ ಹಿಡಿ ಜೋಳ ಅಕ್ಕನ ಕೈಯಿಂದ. ಉಪ್ಪಿನಕಾಯಿಗೆ ಮೊದಲ ಮಾವಿನಕಾಯಿ ಹೆಚ್ಚುವವಳೂ ಅಕ್ಕ. ಎಲ್ಲಕ್ಕಿಂತ ಹೆಚ್ಚಾಗಿ, ಹುಟ್ಟಿದ ಕೂಸುಗಳಿಗೆ ಎಣ್ಣೆ ಹಚ್ಚಿ ನೀರು ಎರೆಯಲು ಅವಳೇ ಬೇಕು. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಕಾಲು ನೀಡಿ, ಮೊಣಕಾಲ ಕೆಳಗೆ ಕೂಸನ್ನು ಮಲಗಿಸಿಕೊಂಡು ಅವಳು ಎಣ್ಣೆ ತಿಕ್ಕುತ್ತಿದ್ದರೆ ಚೀರುವ ಕೂಸೂ ಕಣ್ಣು ಮುಚ್ಚುತ್ತಿತ್ತು. ಯಾರಿಂದಲೂ ಏನೂ ತೆಗೆದುಕೊಂಡವಳಲ್ಲ. ಒಲ್ಲೆ ಅಂದವಳೂ ಅಲ್ಲ.

"ನಿನ್ನ ಸುದ್ದಿ ನಾನು ಕಾಲೇಜಿನ್ಯಾಗ ಹೇಳತೀನಿ" ಎಂದು ಒಮ್ಮೆ ತಿಳಿಸಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

"ಕೂಸಿಗೆ ಎರಿಯೂದನ್ನ ಕಲಸಾಕ ಸರಕಾರ ನಿನಗ ಪಗಾರ ಕೊಡತೈತೇನೋ?" ಅಂದಳು.

ಹೋದ ವರ್ಷ ಅವಳ ಪಕ್ಕದ ಮನೆಯಲ್ಲಿ ಮೊಮ್ಮಗ ಹುಟ್ಟಿದ. ಅಕ್ಕನೇ ದಿನಾ ಹೋಗಿ ಎರೆಯುತ್ತಿದ್ದಳು. ಒಂದು ಬೆಳಿಗ್ಗೆ ಎರೆದು, ಲೋಬಾನದ ಹೊಗೆ ಹಾಕಿ, ತೊಟ್ಟಿಲಲ್ಲಿ ಮಲಗಿಸಿ ಮನೆಗೆ ಬಂದಳು. ಆ ಕೂಸು ಮತ್ತೆ ಏಳಲಿಲ್ಲ. ಗದಗಿಗೆ ಓಡಿದರು. ಹೃದಯದಲ್ಲಿ ಹುಟ್ಟಿದಾಗಿನಿಂದಲೇ ದೋಷವಿತ್ತು, ಎರೆದದ್ದಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಮನೆಯವರು ಒಪ್ಪಿಕೊಂಡರು. ಕೂಸಿನ ಅಜ್ಜಿ ತಾನೇ ಬಂದು ಅಕ್ಕನ ಪಕ್ಕದಲ್ಲಿ ಕೂತು, "ಇದರಾಗ ನಿಂದೇನ ತಪ್ಪೈತ್ಯವ್ವಾ, ಕೊಟ್ಟಾಂವ ಒಯ್ದ" ಎಂದು ಅತ್ತಳು.

ಅಲ್ಲಿಂದಾಚೆಗೆ ಅಕ್ಕನನ್ನು ಯಾರೂ ಕರೆಯಲಿಲ್ಲ.

ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೇ. ಬೈದಿದ್ದರೆ ಅಕ್ಕ ಬಿಡುವವಳಲ್ಲ, ಬೀದಿಯಲ್ಲಿ ನಿಂತು ಜಗಳ ತೆಗೆದು ಗೆಲ್ಲುತ್ತಿದ್ದಳು. ಬೈಯುವ ಬದಲು ಅವರು ಮರ್ಯಾದೆ ಹೆಚ್ಚು ಮಾಡಿದರು. ಮೊದಲು ಓಣಿಯ ತುದಿಯಿಂದಲೇ "ಏ ಅಕ್ಕಾ, ಲಗೂ ಬಾ" ಎಂದು ಕೂಗುತ್ತಿದ್ದ ಹೆಂಗಸರು ಈಗ "ಬರ್ರಿ, ಕುಂದರ್ರಿ" ಎಂದು ಕುರ್ಚಿ ಹಾಕುತ್ತಿದ್ದರು. ಚಹಾ ಕೊಡುತ್ತಿದ್ದರು. ಕೂಸು ಮಾತ್ರ ಒಳಗಿನ ಕೋಣೆಯಲ್ಲಿ ಮಲಗಿರುತ್ತಿತ್ತು. ಬಿತ್ತುವ ದಿನ ಅವಳ ಮನೆ ಮುಂದೆಯೇ ಎತ್ತುಗಳು ಹಾದುಹೋದವು. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳಂತೆ.

ಅವಳಿಗೆ ಕೊರತೆ ಏನೂ ಇಲ್ಲ. ಗಂಡನಿದ್ದಾನೆ, ಮಗ ಸೊಸೆ ಜೊತೆಯಲ್ಲೇ ಇದ್ದಾರೆ, ಉಣ್ಣಲು ಉಡಲು ಇದೆ. ಸುಖದ ಪಟ್ಟಿ ಹಿಡಿದು ನೋಡುವವರು ಅವಳನ್ನು ಸುಖಿ ಎಂದೇ ಹೇಳಿಯಾರು.

ಗಜೇಂದ್ರಗಡಕ್ಕೆ ಕೊಟ್ಟ ನನ್ನ ಮಗಳು ಈ ವರ್ಷ ಬಾಣಂತನಕ್ಕೆ ನಮ್ಮ ಮನೆಗೆ ಬಂದಳು. ಹೆಣ್ಣು ಕೂಸು. ಯಾರು ಎರೆಯಬೇಕೆಂಬ ಮಾತು ಬಂದಾಗ ಮಗಳೇ, "ಜಕ್ಕಲಿ ಅತ್ತಿನ್ನ ಕರಸ್ರಿ ಅಪ್ಪಾ" ಅಂದಳು. ಹೆಂಡತಿ ಕೂಡಲೇ ಹೂಂ ಎಂದಳು. ಆ ದಿನ ನನಗೆ ನನ್ನ ಮನೆಯವರ ಬಗ್ಗೆ ಭಾಳ ಹೆಮ್ಮೆಯಾಯಿತು. ಊರು ಕಿತ್ತುಕೊಂಡದ್ದನ್ನು ನಾವು ಮರಳಿ ಕೊಡುತ್ತೇವೆ ಎಂದುಕೊಂಡು ಗಾಡಿ ಹತ್ತಿ ಜಕ್ಕಲಿಗೆ ಹೋದೆ.

ಅಕ್ಕ ಒಪ್ಪಲಿಲ್ಲ. "ಬ್ಯಾರೆ ಯಾರನರ ಕರಕೊಳ್ರಪಾ" ಅಂದಳು.

ನಾನು ಬಿಡಲಿಲ್ಲ. ತರಗತಿಯಲ್ಲಿ ಹೇಳುವುದನ್ನೆಲ್ಲ ಅವಳ ಕಟ್ಟೆಯ ಮೇಲೆ ಕೂತು ಹೇಳಿದೆ. ಕೂಸಿನ ಆಯುಷ್ಯ ಯಾರ ಕೈಯಲ್ಲೂ ಇಲ್ಲ. ಆದರೆ ನಿನ್ನ ಒಳ್ಳೆಯತನ ನಿನ್ನದು. "ಮಂದಿ ಕರದ್ರೂ ಅಷ್ಟ, ಬಿಟ್ರೂ ಅಷ್ಟ. ಅದನ್ನ ನಿನ್ನ ಕಡಿಂದ ಯಾರೂ ಕಸಗೊಳ್ಳಾಕ ಬರೂದಿಲ್ಲಕ್ಕಾ" ಎಂದೆ.

"ನೀ ಓದಿದಾಂವ. ಖರೇನ ಇರಬೇಕು" ಎಂದು ಅಕ್ಕ ಎದ್ದು ಒಳಗೆ ಹೋಗಿ, ಎಣ್ಣೆಯ ಬಾಟಲಿ ಚೀಲಕ್ಕೆ ಹಾಕಿಕೊಂಡು ಬಂದಳು. ದಾರಿಯುದ್ದಕ್ಕೂ ಕೂಸಿನ ಬಗ್ಗೆಯೇ ಕೇಳಿದಳು. ಹಾಲು ಕುಡಿಯುತ್ತದೆಯೋ, ನಿದ್ದೆ ಮಾಡುತ್ತದೆಯೋ, ಯಾರನ್ನು ಹೋಲುತ್ತದೆ. ಅವಳ ದನಿಯಲ್ಲಿ ಹಳೆಯ ಗೆಲುವು ಕೇಳಿಸಿತು.

ಬಚ್ಚಲಲ್ಲಿ ಎಲ್ಲ ಸಿದ್ಧವಿತ್ತು. ನಾನು ಹಂಡೆಯಿಂದ ಬಿಸಿನೀರು ತೋಡಿ ಬಾಗಿಲಲ್ಲಿ ಕೊಡುತ್ತಿದ್ದೆ. ಅಕ್ಕ ನೀರು ಬೆರೆಸಿ ಹದ ನೋಡಿದಳು, ಮಣೆಯತ್ತ ಹೋದಳು, ನಿಂತಳು. ಆಮೇಲೆ ಮಗಳಿಗೆ, "ನೀನ ಕುಂದರವ್ವಾ. ನಾ ಬಾಜೂಕ ಕುಂತು ಹೇಳಿಕೊಡತೀನಿ. ನಾಳಿ ನಿನಗೂ ಬರಬೇಕಲ್ಲ" ಅಂದಳು. ಅದೂ ಸರಿಯೇ ಅನಿಸಿತು. ಅಷ್ಟಕ್ಕೆ ಬಂದಿದ್ದಾಳಲ್ಲ, ನಾಳೆ ತಾನೇ ಮುಟ್ಟುತ್ತಾಳೆ ಎಂದುಕೊಂಡೆ.

ಮಗಳು ಕಾಲು ನೀಡಿ ಕೂತಳು. ಅಕ್ಕ ಮಗ್ಗುಲಲ್ಲೇ ಕುಕ್ಕರಗಾಲಿನಲ್ಲಿ ಕೂತು ಹೇಳುತ್ತ ಹೋದಳು: ನೆತ್ತಿಗೆ ಮೆಲ್ಲಕ ಹಚ್ಚು, ಎದಿ ಮ್ಯಾಲೆ ಒತ್ತಬ್ಯಾಡ, ಈಗ ಬೋರಲ ಹಾಕು. ಎಣ್ಣೆಯ ಮೈ. ಬೋರಲು ಹಾಕುವಾಗ ಮಗಳ ಕೈ ಜಾರಿತು. ಕೂಸು ಕಾಲಿನ ಮೇಲಿಂದ ಅಕ್ಕ ಕೂತ ಕಡೆಗೇ, ಬಚ್ಚಲ ಕಲ್ಲಿನತ್ತ ಉರುಳತೊಡಗಿತು. ಅಕ್ಕ ಕೈ ಚಾಚಿದ್ದರೆ ಸಾಕಿತ್ತು. ಒಂದು ಕಾಲಕ್ಕೆ ಆ ಕೈಗಳು ಕಣ್ಣಿಗಿಂತ ಮೊದಲು ಹೋಗುತ್ತಿದ್ದವು. ಆ ದಿನ ಅವು ಹಿಂದಕ್ಕೆ ಸರಿದವು. ಎರಡೂ ಕೈಗಳನ್ನು ಅವಳು ತನ್ನ ಎದೆಗೆ ಎಳೆದುಕೊಂಡದ್ದನ್ನು ನಾನು ನೋಡಿದೆ. ಹಿಂದೆ ನಿಂತಿದ್ದ ನನ್ನ ಹೆಂಡತಿ ತಂಬಿಗೆ ಎಸೆದು ಬಗ್ಗಿ ಕೂಸನ್ನು ಹಿಡಿದಳು.

ಕೂಸಿಗೆ ಏನೂ ಆಗಲಿಲ್ಲ. ಅತ್ತಿತು, ಹಾಲು ಕುಡಿಯಿತು, ಮಲಗಿತು.

ಅಕ್ಕ ಒದ್ದೆ ಬಚ್ಚಲಲ್ಲೇ ಕೂತಿದ್ದಳು. "ಗಾಬರಿಗೆ ಹಂಗ ಆಗತೈತಿ, ಏಳು" ಎಂದೆ.

"ಗಾಬರಿ ಅಲ್ಲೋ ತಮ್ಮಾ. ಕೂಸು ಬೀಳತೈತಿ ಅನ್ನೂದು ಕಂಡಿತ್ತು. ನಾ ಮುಟ್ಟಿದ್ರ ಏನಾದೀತೋ ಅನ್ನಿಸ್ತು." ತನ್ನ ಕೈಗಳನ್ನು ಮಗುಚಿ ನೋಡಿಕೊಂಡಳು. "ಯಾರೂ ಕಸಗೊಳ್ಳಾಕ ಬರೂದಿಲ್ಲ ಅಂದಿದ್ದಿ. ಕಸಗೊಂಡ್ರಲ್ಲಪಾ."

ಸುಖವನ್ನು ಮಂದಿ ಕಿತ್ತುಕೊಳ್ಳಬಲ್ಲರು ಎಂಬುದು ನನಗೆ ಗೊತ್ತಿತ್ತು. ಬೀಳುವ ಕೂಸನ್ನು ಹಿಡಿಯುವಂಥ ಗುಣವನ್ನೂ, ಚಹಾ ಕೊಟ್ಟು ಕುರ್ಚಿ ಹಾಕಿ, ಕಿತ್ತುಕೊಳ್ಳಬಹುದು ಎಂದು ಗೊತ್ತಿರಲಿಲ್ಲ. ನಾನು ಓದಿದ್ದೆಲ್ಲ ಪುಸ್ತಕದ ಬದನೆಕಾಯಿ ಅನಿಸಿತು. ಅಕ್ಕ ಅಂದೇ ಬಸ್ಸು ಹತ್ತಿ ಊರಿಗೆ ಹೋದಳು. ಎಣ್ಣೆಯ ಬಾಟಲಿ ನಮ್ಮ ಮನೆಯಲ್ಲೇ ಉಳಿಯಿತು.

ಬಾಣಂತನ ಮುಗಿಸಿ ಗಜೇಂದ್ರಗಡಕ್ಕೆ ಹೊರಟ ಮಗಳು ದಾರಿ ಬಳಸಿ ಜಕ್ಕಲಿಗೆ ಹೋಗೋಣ ಅಂದಳು. ನಾನೂ ಹೋದೆ. ಕೂಸಿಗೆ ಆಗ ಮುಖ ನೋಡಿ ನಗುವುದು ಬಂದಿತ್ತು. ಮಗಳು ಏನೂ ಹೇಳದೆ ಅದನ್ನು ಅಕ್ಕನ ಮುಂದೆ ಹಿಡಿದಳು. ಕೂಸು ನಕ್ಕಿತು, ಅವಳ ಸೆರಗಿನ ಕಡೆಗೆ ಕೈ ಬೀಸಿತು. ಅಕ್ಕನ ಮುಖ ಅರಳಿದ್ದು ಖರೇ. ಕೈಗಳು ಮಾತ್ರ ಸೆರಗಿನೊಳಗೇ ಇದ್ದವು.

"ಸೊಸಿ ಕೈಯಾಗ ಕೊಡವ್ವಾ. ನಾ ಚಹಾ ಮಾಡಿ ತರತೀನಿ. ಕುಂದರ್ರಿ" ಅಂದು ಒಳಗೆ ಹೋದಳು. ಸ್ವಂತ ತಮ್ಮನಿಗೆ, ಮಗಳಂಥ ಹುಡುಗಿಗೆ, ಊರವರು ತನಗೆ ಅಂದ ಹಾಗೆ ಕುಂದರ್ರಿ ಅಂದಳು. ಚಹಾವನ್ನು ಸೊಸೆಯೇ ತಂದಳು. ನಾವು ಹೊರಡುವ ತನಕ ಅಕ್ಕ ಹೊರಗೆ ಬರಲಿಲ್ಲ.

ಮರುದಿನ ಕಾಲೇಜಿನಲ್ಲಿ ಅದೇ ಪಾಠವಿತ್ತು. ಹೇಳಬೇಕಾದದ್ದನ್ನು ಹೇಳಿದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಒಂದು ಉದಾಹರಣೆ ಕೊಡ್ರಿ ಸರ್" ಅಂದಳು. ಮೊದಲು ಒಂದು ಇತ್ತು, ಈಗ ಇಲ್ಲ ಎಂದೆ.